ಹಾಲು ಮಾರಿ ಮೊಸರು ಕೊಳ್ಳುವುದೇ?

2023ರ ಮಾರ್ಚಿ ತಿಂಗಳಿನಲ್ಲಿ ಮೊಸರಿನ ಹೆಸರಿಗಾಗಿ ನಡೆದ ವಾದವಿವಾದವನ್ನು ವಾಚಕರು ಮರೆತಿರಲಾರರು. ಮೊಸರಿನ ಪೊಟ್ಟಣದ ಮೇಲೆ ‘ದಹಿ’ ಎಂದು ಮುದ್ರಿಸತಕ್ಕದ್ದೆಂದು ಕೇಂದ್ರದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಸೂಚಿಸಿತು. ತಮಿಳುನಾಡಿನಲ್ಲಿಯೂ ಕರ್ನಾಟಕದಲ್ಲಿಯೂ ಪ್ರತಿಭಟನೆಯ ದನಿ ಎದ್ದಿತು. ಅದೇ ತಿಂಗಳು 30ನೆಯ ತಾರೀಖು ಪ್ರಾಧಿಕಾರವು ತನ್ನ ಸೂಚನೆಯನ್ನು ತಿದ್ದಿಕೊಂಡು, ಆಯಾ ನಾಡಿನ ಹೆಸರನ್ನು ಬರೆಯಬಹುದೆಂದು ಒಪ್ಪಿತು. ಅಲ್ಲಿ ‘ಮೊಸರು’, ಇಲ್ಲಿ ‘ತಯಿರ್’. ಗಡಿಯಿಂದೀಚೆಗೆ ಬಾಳುವ ಕನ್ನಡಿಗರಾದ ನಮಗೆ ಎರಡೂ ಬಳಕೆಯ ಮಾತುಗಳೇ. ಆದುದರಿಂದ ನಮಗೆ ಎರಡು ಪಟ್ಟು ಸಂತೋಷವಾಯಿತು.

ಹೆಸರೇನೋ ಉಳಿಯಿತು. ನಮ್ಮ ಮನೆಗಳಲ್ಲಿ ಮೊಸರು ಉಳಿದಿದೆಯೇ?

ಕಳೆದ ವರುಷ ನಮ್ಮ ತರಗತಿಯಲ್ಲಿ ಸೂಕ್ಷ್ಮಜೀವಿಗಳ ಪಾಠ ಬಂದಿತು. ಪುಸ್ತಕದ ಚಿತ್ರಕ್ಕಿಂತ ಕಣ್ಣೆದುರಿನ ವಸ್ತು ಮೇಲೆಂದು, ಮರುದಿನ ಪ್ರತಿಯೊಬ್ಬರೂ ಮನೆಯಿಂದ ಒಂದು ಚಮಚ ಹೆಪ್ಪು ತರಬೇಕೆಂದು ಮಕ್ಕಳಿಗೆ ಹೇಳಿದೆನು. ತಂದವರು ಕೆಲವರು ಮಾತ್ರ. ಕರೆಯುವ ಎರಡು ಹಸುಗಳಿರುವ ಮನೆಯ ಹುಡುಗಿಯೊಬ್ಬಳು ಅಂಗಡಿಯ ಪೊಟ್ಟಣವನ್ನೇ ತಂದಿದ್ದಳು. ಏಕೆಂದು ಕೇಳಿದರೆ, “ಹಾಲೆಲ್ಲ ಸೊಸೈಟಿಗೆ ಹಾಕ್ತೀವಿ ಸಾರ್, ಮನೇಲಿ ಹೆಪ್ಪಿಲ್ಲ” ಎಂದಳು. ಅವಳನ್ನು ಗದರಿಸುವ ಯೋಗ್ಯತೆ ನನಗಿರಲಿಲ್ಲ. ಆ ವಾರ ನಮ್ಮ ಮನೆಯ ನೆಲವಿನಲ್ಲಿದ್ದ ಗಡಿಗೆಯೂ ಬರಿದಾಗಿತ್ತು.

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎಂದು ನಮ್ಮ ಹಿರಿಯರು ನಗುತ್ತಿದ್ದರು. ಬೆಳಗ್ಗೆ ಹಾಲು ಮಾರಿ ಮಧ್ಯಾಹ್ನ ಮೊಸರು ಕೊಳ್ಳುವ ನಮ್ಮನ್ನು ಕಂಡಿದ್ದರೆ ಅವರು ಇನ್ನೊಂದು ಗಾದೆಯನ್ನೇ ಕಟ್ಟುತ್ತಿದ್ದರೇನೋ! ಹಸು ಕಟ್ಟಿದ ಮನೆ ಯಾವುದೇ ಇರಲಿ, ಕರೆದ ಹಾಲಿನಲ್ಲಿ ಒಂದು ಪಾಲನ್ನು ಮೊದಲು ಹೆಪ್ಪಿಗೆ ತೆಗೆದಿಟ್ಟು, ಉಳಿದುದನ್ನು ಮಾರಬೇಕು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ.

ಸೊಸೈಟಿಯನ್ನು ದೂರುವುದು ನನ್ನ ಉದ್ದೇಶವಲ್ಲ. 1946ರಲ್ಲಿ ಗುಜರಾತಿನ ಆನಂದದಲ್ಲಿ ಹುಟ್ಟಿದ ಹಾಲಿನ ಸಹಕಾರವು, 1970ರಿಂದ ಕ್ಷೀರಕ್ರಾಂತಿಯ ಯೋಜನೆಯ ಮೂಲಕ ದೇಶದಲ್ಲೆಲ್ಲ ಹರಡಿ, ದಳ್ಳಾಳಿಗಳ ಕೈಯಿಂದ ರೈತನನ್ನು ಬಿಡಿಸಿತು. ಮೇವು, ಹಿಂಡಿ, ಮಕ್ಕಳ ಶಾಲೆಯ ಖರ್ಚು ಎಲ್ಲಕ್ಕೂ ಹಾಲಿನ ಹಣ ಬೇಕು. ಆದರೆ ಮಾರಾಟವೇ ಮುಖ್ಯವಾಗಿ, ಮನೆಯ ಊಟವು ಅದರ ಹಿಂದೆ ಸರಿದುದು ಸರಿಯಲ್ಲ.

ಲೆಕ್ಕ ಹಾಕಿ ನೋಡಿರಿ. ಒಂದು ಲೀಟರು ಹಾಲಿಗೆ ಹೆಪ್ಪು ಹಾಕಿದರೆ ಹೆಚ್ಚುಕಡಿಮೆ ಒಂದು ಕಿಲೋ ಮೊಸರೇ ಆಗುತ್ತದೆ. ಅಂಗಡಿಯ ಮೊಸರಿನ ಬೆಲೆಯಲ್ಲಿಯಾದರೋ ಹಾಲಿನ ಬೆಲೆಯ ಮೇಲೆ ವಾಹನದ ಬಾಡಿಗೆ, ತಣ್ಣಗಿಡುವ ಯಂತ್ರದ ಖರ್ಚು, ಪೊಟ್ಟಣ, ವ್ಯಾಪಾರಿಯ ಲಾಭ ಎಲ್ಲವೂ ಸೇರಿರುತ್ತದೆ. ತನ್ನ ಹಾಲು ಪೇಟೆಗೆ ಹೋಗಿ ಮೊಸರಾಗಿ ಮರಳಿ ಬರುವ ಪ್ರಯಾಣಕ್ಕೆ ರೈತನೇ ಬಾಡಿಗೆ ಕೊಟ್ಟಂತಾಯಿತು. ಸೊಸೈಟಿಯ ಲೀಟರಿನ ದರವನ್ನು ಒಂದು ಕಡೆ, ಅಂಗಡಿಯ ಮೊಸರಿನ ಕಿಲೋ ದರವನ್ನು ಇನ್ನೊಂದು ಕಡೆ ಬರೆದು, ತಿಂಗಳಿಗೆ ಕೊಂಡ ಪೊಟ್ಟಣಗಳಿಂದ ಗುಣಿಸಿರಿ. ಆಮೇಲೆ ನನ್ನೊಡನೆ ವಾದಕ್ಕೆ ಬನ್ನಿರಿ.

ಮಸಿನಗುಡಿ, ಮೋಯಾರು, ಬೊಕ್ಕಾಪುರ, ಮಾವನಹಳ್ಳದ ಕಡೆಯವರಿಗೆ ಇದು ಇನ್ನೂ ಹತ್ತಿರದ ಮಾತು. ಒಂದು ಕಾಲದಲ್ಲಿ ಈ ಸೀಗೂರು ಸೀಮೆಯ ದೊಡ್ಡಿಗಳಲ್ಲಿ ದನಗಳನ್ನು ಎಣಿಸುವುದೇ ಕಷ್ಟವಾಗಿತ್ತು. ಕಾಡಿನ ಮೇವನ್ನು ನಂಬಿದ್ದ ಕಾಲವದು. 2022ರ ಮಾರ್ಚಿಯಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮ, ಹುಲಿ ಮೀಸಲು ಪ್ರದೇಶಗಳಲ್ಲಿ ದನ ಮೇಯಿಸಕೂಡದೆಂದು ಆಜ್ಞೆ ಮಾಡಿತು. ನಾವಿರುವುದು ಮುದುಮಲೆಯ ಮಡಿಲಿನಲ್ಲಿ. ಹಟ್ಟಿಯಲ್ಲಿ ಕಟ್ಟಿ ಮೇವು ಹಾಕಿ ಸಾಕುವ ಹಸು ಒಂದೋ ಎರಡೋ. ಹಸು ಕಡಿಮೆಯಾದಷ್ಟೂ ಹಾಲಿನ ಒಂದೊಂದು ಲೀಟರಿಗೂ ಬೆಲೆ ಹೆಚ್ಚು. ಹಾಳುಮಾಡಲು ಒಂದು ಲೋಟವೂ ಇಲ್ಲ. ಸಂಜೆಯ ಹಾಲನ್ನು ಹೊತ್ತು ಸೊಸೈಟಿಗೆ ಹೊರಡುವ ಹೊತ್ತಿಗೆ ಆನೆ ದಾರಿಗೆ ಇಳಿದಿರುತ್ತದೆ. ಆ ಹಾಲಿಗೆ ಹೆಪ್ಪಿನ ಗಡಿಗೆಗಿಂತ ಒಳ್ಳೆಯ ಸೊಸೈಟಿ ಯಾವುದು?

ತೋಡರ ಗುಡಿಯಿಂದ ಒಂದು ಪಾಠ

ನಮ್ಮ ಮೇಲಿನ ಬೆಟ್ಟದಲ್ಲಿರುವ ತೋಡರನ್ನು ನೋಡಿರಿ. ಅವರಿಗೆ ಹಾಲಿನ ಮನೆಯೇ ಗುಡಿ. ಎಮ್ಮೆಯ ಹಾಲು ಕರೆದು ಕಡೆಯುವವನೇ ಪೂಜಾರಿ. 1901–02ರಲ್ಲಿ ಈ ಬೆಟ್ಟದಲ್ಲಿದ್ದು ಅವರ ಆಚಾರಗಳನ್ನು ಅಭ್ಯಾಸ ಮಾಡಿ, 1906ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದ ರಿವರ್ಸ್ ಎಂಬ ಇಂಗ್ಲಿಷ್ ವಿದ್ವಾಂಸರು ಇದನ್ನು ವಿವರವಾಗಿ ಬರೆದಿದ್ದಾರೆ. ಹಿಂದಿನ ಸಲ ಕಡೆದ ಮಜ್ಜಿಗೆಯನ್ನೇ ಹೊಸ ಹಾಲಿಗೆ ಹಾಕಿ ಹೆಪ್ಪುಗಟ್ಟಿಸುವುದು ಅವರ ಕ್ರಮ. ಆ ಮಜ್ಜಿಗೆಗೆ ‘ಪೆಪ್’ ಎಂದು ಹೆಸರು. ಅದಕ್ಕೆ ಮೈಲಿಗೆ ತಗಲಿದರೆ ಹೊಸ ಪೆಪ್ ಮಾಡಲು ಬೇರೆ ವಿಧಿಯೇ ಇತ್ತಂತೆ. ಹಳಗನ್ನಡದ ‘ಪಾಲ್’ ನಮ್ಮ ಬಾಯಲ್ಲಿ ‘ಹಾಲು’ ಆಯಿತಷ್ಟೆ? ಹಾಗೆಯೇ ಅವರ ‘ಪೆಪ್’, ನಮ್ಮ ‘ಹೆಪ್ಪು’ ಒಂದೇ ತಾಯಿಯ ಮಕ್ಕಳಂತೆ ಕೇಳಿಸುತ್ತವೆ. ಅವರು ಗುಡಿಯಲ್ಲಿಟ್ಟು ಕಾಪಾಡಿದುದನ್ನು ನಾವು ಒಂದು ಪೊಟ್ಟಣದ ಆಸೆಗೆ ತೊಳೆದು ಚೆಲ್ಲಿದೆವು.

ಹೆಪ್ಪಿನಲ್ಲಿ ಜೀವವಿದೆ ಎಂಬುದು ಈಗ ಶಾಲೆಯ ಮಕ್ಕಳಿಗೂ ತಿಳಿದ ವಿಷಯ. 1905ರಲ್ಲಿ ಬಲ್ಗೇರಿಯಾ ದೇಶದ ಗ್ರಿಗೊರೋವ್ ಎಂಬ ಯುವಕನು ಜಿನೀವಾ ನಗರದಲ್ಲಿ ಓದುತ್ತಿದ್ದಾಗ ತನ್ನ ಊರಿನ ಮೊಸರಿನಲ್ಲಿ ಈ ಜೀವಾಣುವನ್ನು ಸೂಕ್ಷ್ಮದರ್ಶಕದ ಕೆಳಗೆ ಕಂಡುಹಿಡಿದನು. ಈ ಜೀವಾಣುಗಳು ಹಾಲಿನ ಸಕ್ಕರೆಯ ಒಂದಂಶವನ್ನು ತಿಂದು ಹುಳಿಯನ್ನು ಮಾಡುತ್ತವೆ; ಆ ಹುಳಿಯಿಂದ ಹಾಲು ಗಟ್ಟಿಯಾಗುತ್ತದೆ. ಹಾಲು ಕುಡಿದರೆ ಹೊಟ್ಟೆಯುಬ್ಬರಿಸುವ ಅನೇಕರಿಗೆ ಮೊಸರು ಒಗ್ಗುವುದು ಇದರಿಂದಲೇ. ಬೆಣ್ಣೆ ತೆಗೆದ ಮೇಲೆಯೂ ಮೈ ಬೆಳೆಸುವ ಸಸಾರಜನಕ, ಎಲುಬಿಗೆ ಬೇಕಾದ ಸುಣ್ಣದಂಶ ಮಜ್ಜಿಗೆಯಲ್ಲಿ ಉಳಿದಿರುತ್ತವೆ. ರಾಗಿಮುದ್ದೆ ಉಣ್ಣುವ ಮಗುವಿಗೆ ಒಂದು ಲೋಟ ಮಜ್ಜಿಗೆ ಕೊಡುವುದು ಸಣ್ಣ ವಿಷಯವಲ್ಲ.

ಇನ್ನೊಂದು ಪ್ರಯೋಜನವನ್ನು ರೈತರು ಗಮನಿಸಬೇಕು. ಕೆಚ್ಚಲು ಬಾವು ಬಂದ ಹಸುವಿಗೆ ಮೊಲೆಯೊಳಗೆ ಔಷಧ ಹಾಕಿಸಿದ ಮೇಲೆ ಕೆಲವು ದಿನಗಳ ಹಾಲಿನಲ್ಲಿ ಆ ಔಷಧ ಇಳಿಯುತ್ತದೆ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಜೀವಾಣುಗಳು ಬೆಳೆಯಲಾರದೆ ಹಾಲು ಸರಿಯಾಗಿ ಹೆಪ್ಪುಗಟ್ಟದು. ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಮಾರಕೂಡದು, ಕುಡಿಯಲೂಕೂಡದು. ಮನೆಯಲ್ಲಿ ದಿನವೂ ಹೆಪ್ಪು ಹಾಕುವ ಹೆಂಗಸಿಗೆ ಹಾಲಿನ ದೋಷ ಬೇಗ ತಿಳಿಯುತ್ತದೆ. ಎಲ್ಲವನ್ನೂ ಕ್ಯಾನಿಗೆ ಸುರಿದು ಕಳಿಸುವವನಿಗೆ ತಿಳಿಯುವುದಿಲ್ಲ.

ಚಳಿಯ ನಾಡಿನಲ್ಲಿ ಮೊಸರು

“ನಮ್ಮ ಚಳಿಗೆ ಮೊಸರು ಕೂರುವುದಿಲ್ಲ” ಎಂಬುದು ಉದಕಮಂಡಲ, ಗೂಡಲೂರಿನ ಕಡೆಯ ಮನೆಗಳಲ್ಲಿ ಕೇಳಿಬರುವ ಮಾತು. ಕ್ರಮ ತಿಳಿದರೆ ಕೂರುತ್ತದೆ.

ಮೊದಲನೆಯದಾಗಿ, ಹಾಲನ್ನು ಚೆನ್ನಾಗಿ ಕಾಯಿಸಬೇಕು. ಸುಮಾರು 2,240 ಮೀಟರು ಎತ್ತರದ ಉದಕಮಂಡಲದಲ್ಲಿ ನೀರು 93 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಆದರೂ ಆ ಕಾವು ಮೊಸರಿಗೆ ಸಾಕು. ಉಕ್ಕು ಬಂದ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಟ್ಟರೆ ಮೊಸರು ಗಟ್ಟಿಯಾಗುತ್ತದೆ. ಹಸಿ ಹಾಲಿಗೆ ಹೆಪ್ಪು ಹಾಕಬಾರದು. ಕ್ಷಯ, ಕಂದು ಹಾಕುವ ರೋಗ ಮೊದಲಾದುವು ದನದಿಂದ ಮನುಷ್ಯನಿಗೆ ಹಸಿ ಹಾಲಿನ ಮೂಲಕ ಬರಬಲ್ಲವು. ಮೊಸರಿನ ಹುಳಿಯೊಂದನ್ನೇ ನಂಬಿದರೆ ಆ ಅಪಾಯ ತಪ್ಪುವುದಿಲ್ಲ.

ಎರಡನೆಯದಾಗಿ, ಹಾಲು ಬೆರಳಿಗೆ ಹಿತವಾದ ಬಿಸಿಗೆ, ಎಂದರೆ ಸುಮಾರು 40–45 ಡಿಗ್ರಿಗೆ, ಇಳಿದಾಗ ಹೆಪ್ಪು ಹಾಕಬೇಕು. ಬೆರಳು ಸುಡುವಷ್ಟು ಬಿಸಿಯಿದ್ದರೆ ಹೆಪ್ಪು ಸಾಯುತ್ತದೆ. ತಣ್ಣಗಾದ ಮೇಲೆ ಹಾಕಿದರೆ ಬಹಳ ನಿಧಾನವಾಗುತ್ತದೆ. ಮಸಿನಗುಡಿಯ ಬೇಸಗೆಯಲ್ಲಿ ಲೀಟರಿಗೆ ಒಂದು ಸಣ್ಣ ಚಮಚ ಸಾಕು. ಬೆಟ್ಟದ ಮೇಲೆ ಮಾರ್ಗಶಿರ, ಪುಷ್ಯದ ಚಳಿಗೆ ಎರಡು ದೊಡ್ಡ ಚಮಚ ಬೇಕಾದೀತು. ಹೆಪ್ಪನ್ನು ಸ್ವಲ್ಪ ಹಾಲಿನಲ್ಲಿ ಕದಡಿ ಬೆರೆಸಿರಿ.

ಮೂರನೆಯದಾಗಿ, ಕಾವನ್ನು ಕಾಪಾಡಬೇಕು. ಪಾತ್ರೆಗೆ ಕಂಬಳಿ ಸುತ್ತಿ, ಹುಲ್ಲು ತುಂಬಿದ ಬುಟ್ಟಿಯೊಳಗಿಟ್ಟು, ಉರಿ ಆರಿದ ಒಲೆಯ ಪಕ್ಕದಲ್ಲಿಡಿರಿ. ಬೆಚ್ಚಗಿದ್ದರೆ ಐದಾರು ಗಂಟೆಗೆ, ಚಳಿಯಲ್ಲಿ ಹತ್ತು ಹನ್ನೆರಡು ಗಂಟೆಗೆ ಕೂರುತ್ತದೆ. ನಡುವೆ ಅಲ್ಲಾಡಿಸಬಾರದು. ಕುಳಿತ ಕೂಡಲೆ ತಣ್ಣನೆಯ ಜಾಗಕ್ಕೆ ಸರಿಸಿದರೆ ಹುಳಿಯೇರುವುದಿಲ್ಲ.

ಮೊಸರು ಲೋಳೆಯಾಗಿ ನೂಲಿನಂತೆ ಎಳೆದರೆ ಹೆಪ್ಪು ಹಳತಾಗಿದೆ ಅಥವಾ ಕಾವು ಸಾಲದೆಂದು ತಿಳಿಯಿರಿ. ನೆರೆಮನೆಯಿಂದ ಒಳ್ಳೆಯ ಹೆಪ್ಪನ್ನು ತನ್ನಿರಿ. ಎಲ್ಲಿಯೂ ಸಿಕ್ಕದಿದ್ದರೆ, ಉಗುರು ಬೆಚ್ಚಗಿನ ಕಾಯಿಸಿದ ಹಾಲಿಗೆ ತೊಟ್ಟಿರುವ ಹಸಿಮೆಣಸಿನಕಾಯಿಯನ್ನು ತೊಳೆದು ಹಾಕಿಟ್ಟು ಹೆಪ್ಪುಗಟ್ಟಿಸುವುದು ಹೆಂಗಸರು ಬಲ್ಲ ಉಪಾಯ. ಮೊದಲನೆಯದು ರುಚಿಯಾಗಿರದಿದ್ದರೂ ಅದರಿಂದ ಹಾಕಿದ ಮುಂದಿನ ಹೆಪ್ಪುಗಳು ಸರಿಹೋಗುತ್ತವೆ.

ಬೆಣ್ಣೆ ಕಡೆಯುವಾಗಲೂ ಕಾವಿನದೇ ಆಟ. ಸೆಕೆಯಲ್ಲಿ ಬೆಣ್ಣೆ ಕರಗಿ ಕೂಡದಿದ್ದರೆ ತಣ್ಣೀರು ಬೆರೆಸಬೇಕು. ಚಳಿಯಲ್ಲಿ ಕಡೆಗೋಲಿಗೆ ಬೆಣ್ಣೆ ಏಳದಿದ್ದರೆ ಸ್ವಲ್ಪ ಬೆಚ್ಚನೆಯ ನೀರು ಹಾಕಬೇಕು.

ತುಪ್ಪದ ಆಸೆ ಮತ್ತು ಲೆಕ್ಕ

ಇಷ್ಟು ಓದಿದ ಮೇಲೆ, ಎಲ್ಲ ಹಾಲನ್ನೂ ತುಪ್ಪ ಮಾಡಿ ಪ್ರವಾಸಿಗಳಿಗೆ ಮಾರಿದರೆ ಹೇಗೆಂದು ಕೆಲವರಿಗೆ ತೋರಬಹುದು. ದುಡುಕಬೇಡಿರಿ. ನೂರಕ್ಕೆ 4ರಷ್ಟು ಕೊಬ್ಬಿರುವ ಹಸುವಿನ ಹಾಲಾದರೆ ಒಂದು ಕಿಲೋ ತುಪ್ಪಕ್ಕೆ 25ರಿಂದ 28 ಲೀಟರು ಬೇಕು. 7ರಷ್ಟಿರುವ ಎಮ್ಮೆಯ ಹಾಲಾದರೆ ಸುಮಾರು 15 ಲೀಟರು. ಅಷ್ಟು ಹಾಲಿನ ದರ, ಸೌದೆ, ದುಡಿಮೆ ಕೂಡಿಸಿ, ತುಪ್ಪದ ಬೆಲೆಯೊಡನೆ ತೂಗಿ ನೋಡಿರಿ. ಲಾಭ ಕಂಡರೆ ನಾಲ್ಕು ಮನೆಯವರು ಸೇರಿ, ಆಹಾರ ಸುರಕ್ಷತಾ ಇಲಾಖೆಯಲ್ಲಿ ನೋಂದಾಯಿಸಿಕೊಂಡು ಮಾಡಬಹುದು. ಈ ಬೆಟ್ಟದ ಬೆಣ್ಣೆಗೆ ಹೆಸರಿಲ್ಲದೆ ಇಲ್ಲ. 1905ರಲ್ಲಿ ಇಲ್ಲಿಯ ಬೆಣ್ಣೆ ವ್ಯಾಪಾರದಿಂದ ಆರಂಭವಾದ ‘ನೀಲಗಿರೀಸ್’ ಅಂಗಡಿಯು 1936ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯನ್ನು ಮುಟ್ಟಿತು. ಆದರೆ ನಾನೀಗ ಕೇಳುತ್ತಿರುವುದು ವ್ಯಾಪಾರವನ್ನಲ್ಲ. ಮಜ್ಜಿಗೆಗೆ ಬಂದವಳಿಗೆ ಎಮ್ಮೆಯ ಕ್ರಯವೇಕೆ? ಮೊದಲು ಮನೆಯವರ ತಟ್ಟೆಗೆ ಮೊಸರು ಬೀಳಲಿ.

“ಹೊಲದ ಕೆಲಸ, ಎಸ್ಟೇಟಿನ ಕೂಲಿ, ಹಟ್ಟಿಯ ಕೆಲಸ, ಇವುಗಳ ಮೇಲೆ ಇದನ್ನೂ ನಾವೇ ಮಾಡಬೇಕೋ?” ಎಂದು ತಾಯಂದಿರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಹೆಪ್ಪು ಹಾಕಲು ಐದು ನಿಮಿಷ ಸಾಕು, ಕಡೆಯಲು ಅರ್ಧ ಗಂಟೆ ಬೇಕು. ತೋಡರಲ್ಲಿ ಹಾಲಿನ ಮನೆಯ ಕೆಲಸವೆಲ್ಲ ಗಂಡಸರದೇ. ನಮ್ಮ ಗಂಡಸರ ಕೈಗೆ ಕಡೆಗೋಲಿನ ಹಗ್ಗ ಭಾರವಾಗಲಾರದು. ನಮ್ಮ ಮನೆಯಲ್ಲಿ ಈಗ ಭಾನುವಾರದ ಕಡೆಯುವ ಸರದಿ ನನ್ನದು.

ಕೊನೆಯದಾಗಿ ಒಂದು ಮಾತು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಟ್ಟರೆ ಲಕ್ಷ್ಮಿ ಹೊರಟುಹೋಗುತ್ತಾಳೆಂದು ನಮ್ಮಲ್ಲಿ ನಂಬಿಕೆಯಿದೆ. ಕೂಲಿಗೆ ಹೋದವಳು ಮನೆಗೆ ಮರಳುವುದೇ ದೀಪ ಹಚ್ಚುವ ಹೊತ್ತಿಗೆ. ಅವಳು ಬಟ್ಟಲು ಹಿಡಿದು ಬಂದರೆ ಹಿಂದಕ್ಕೆ ಕಳುಹಿಸಬೇಡಿರಿ. ನಿಮ್ಮ ಗಡಿಗೆಯ ಹೆಪ್ಪು ನಾಳೆ ಕೆಟ್ಟರೆ, ನೀವು ಇಂದು ಕೊಟ್ಟ ಹೆಪ್ಪೇ ಅವಳ ಮನೆಯಿಂದ ನಿಮಗೆ ತಿರುಗಿ ಬರುತ್ತದೆ.