ಮೂರು ಊರಿನ ಮೂರು ಚೀಟಿ

ಬೆಳ್ತಂಗಡಿಯಿಂದ ಒಬ್ಬಳು ತಂಗಿ ಬರೆದಿದ್ದಾಳೆ: "ಅಕ್ಕಾ, ಆಫೀಸಿನ ಟೆನ್ಶನ್ನಿನಿಂದ ನಿದ್ದೆಯೇ ಇಲ್ಲ. ಹದಿನೈದು ದಿನ ರಜೆ ಬೇಕು. ಸ್ಟ್ರೆಸ್ ಅಂತ ಹೇಳಿದ್ರೆ ಡಾಕ್ಟ್ರು ಸರ್ಟಿಫಿಕೇಟ್ ಕೊಡ್ತಾರಾ? ಇಲ್ಲಾಂದ್ರೆ ಬೆನ್ನು ನೋವು ಅಂತ ಬರೆಸಿಕೊಳ್ಳುದು ಒಳ್ಳೇದಾ?"

ಇದಕ್ಕೆ ಉತ್ತರ ಹೇಳಲು ನನ್ನಷ್ಟು ಯೋಗ್ಯಳು ಬೇರೆ ಇರಲಿಕ್ಕಿಲ್ಲ. ಬೆನ್ನು ನೋವು ಅಂತ ಬರೆಸಿಕೊಂಡವಳು ನಾನೇ. ಅದಕ್ಕೂ ಮೊದಲು ಜ್ವರ ಅಂತಲೂ ಬರೆಸಿದ್ದೆ. ಈ ಅಂಕಣದಲ್ಲಿ ಇದನ್ನು ಇದುವರೆಗೆ ಹೇಳಿರಲಿಲ್ಲ, ನಾಚಿಕೆಯಾಗುತ್ತಿತ್ತು. ಆ ತಂಗಿಗಾಗಿ ಈಗ ಹೇಳುತ್ತೇನೆ.

ಆಗ ನಾನು ಬಿ.ಸಿ.ರೋಡಿನ ಒಂದು ಖಾಸಗಿ ಫೈನಾನ್ಸ್ ಕಚೇರಿಯಲ್ಲಿದ್ದೆ. ಸಂಘದ ಸಾಲದ ಕಂತು ಕಟ್ಟದವರಿಗೆ ಫೋನ್ ಮಾಡುವುದು ನನ್ನ ಕೆಲಸ. ಆಚೆ ಫೋನ್ ಎತ್ತುವವರೆಲ್ಲ ನಮ್ಮದೇ ಬದಿಯವರು, ಮೊರದಲ್ಲಿ ಎಲೆ ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರು. ಒಂದು ದಿನ ಫೋನ್ ಎತ್ತಿದವಳು ಪುಂಜಾಲಕಟ್ಟೆಯ ಶಾಲೆಯಲ್ಲಿ ನನ್ನ ಮಗಳೊಟ್ಟಿಗೆ ಕಲಿತ ಹುಡುಗಿಯ ತಾಯಿ. ಅವಳಿಗೆ ನನ್ನ ಸ್ವರದ ಗುರುತು ಸಿಕ್ಕಿತು. "ನೀವಾ ಅಕ್ಕಾ?" ಅಂದಳು. ಮುಂದೆ ಏನು ಮಾತಾಡಿದೆನೋ ನೆನಪಿಲ್ಲ. ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್ ಗ್ರೂಪಿನಲ್ಲಿ ಯಾರ ಟಾರ್ಗೆಟ್ ಎಷ್ಟು ಬಾಕಿ ಎಂಬ ಪಟ್ಟಿ ಬರುತ್ತಿತ್ತು. ನನ್ನ ಹೆಸರು ಕೆಂಪಿನಲ್ಲಿ.

ಮೂರು ಗಂಟೆಗೆ ಎಚ್ಚರ ಆಗಲು ಶುರುವಾಯಿತು. ಎದೆ ಡಬಡಬ. ಅನ್ನ ಸೇರುವುದಿಲ್ಲ. ನಮ್ಮ ಕಡೆ ಇದಕ್ಕೆಲ್ಲ ಒಂದೇ ಹೆಸರು, ಮಂಡೆಬೆಚ್ಚ. ಅದಕ್ಕೆ ಮದ್ದು, ಒಂದು ಬೊಂಡ ಕುಡಿ, ಸುಮ್ಮನೆ ಮಲಗು. ಬೊಂಡ ಕುಡಿದೆ, ಮಲಗಿದೆ, ಮೂರು ಗಂಟೆಗೆ ಎದ್ದೆ.

ಒಂದು ಸೋಮವಾರ ಧರ್ಮಸ್ಥಳ-ಮಂಗಳೂರು ಬಸ್ಸು ಬಂಟ್ವಾಳ ದಾಟುವಾಗ ಕೈಕಾಲು ತಣ್ಣಗಾಯಿತು. ಬಿ.ಸಿ.ರೋಡು ಬಂತು. ಕಂಡಕ್ಟರು ಎರಡು ಸಲ ಕೂಗಿದರು. ನನಗೆ ಏಳಲಿಕ್ಕೇ ಆಗಲಿಲ್ಲ. ಹಾಗೆಯೇ ಕೂತು ಪಂಪ್‌ವೆಲ್‌ವರೆಗೆ ಹೋದೆ. ಅಲ್ಲಿ ಇಳಿದು ಆಚೆ ಬದಿಯ ಬಸ್ಸು ಹತ್ತಿ ಮನೆಗೆ ಬಂದೆ. ಕಚೇರಿಗೆ ಫೋನ್ ಮಾಡಿ, ಜ್ವರ ಅಂದೆ.

ಜ್ವರ ಅಂದ ಮೇಲೆ ಚೀಟಿ ಬೇಕಲ್ಲ. ಬಂಟ್ವಾಳದ ಒಂದು ಕ್ಲಿನಿಕ್ಕಿಗೆ ಹೋಗಿ, "ಮೂರು ದಿನ ಜ್ವರ ಅಂತ ಬರೆದುಕೊಡಿ ಡಾಕ್ಟ್ರೇ" ಅಂತ ಕೇಳಿದೆ. ಬರೆದುಕೊಟ್ಟರು. ಒಂದು ತಿಂಗಳು ಕಳೆಯಿತು. ಈ ಸಲ ಬೆಳ್ತಂಗಡಿಯಲ್ಲಿ ಬೇರೆ ಡಾಕ್ಟರು, ಬೆನ್ನು ನೋವು, ಐದು ದಿನ. ಎರಡು ಸಲವೂ ನಾನು ರೋಗ ಹೇಳಲಿಲ್ಲ, ಅವರು ಕೇಳಲಿಲ್ಲ. ಮನೆಯಲ್ಲಿ ಮಲಗಿ ಆರನೇ ದಿನಕ್ಕೆ ಹೆದರುತ್ತಿದ್ದೆ. ರಜೆ ಸಿಕ್ಕಿತು, ಮದ್ದು ಸಿಗಲಿಲ್ಲ.

ಕೊನೆಗೆ ಅಣ್ಣ ಬಂದು ಮೂಡುಬಿದಿರೆಯ ತವರಿಗೆ ಕರೆದುಕೊಂಡು ಹೋದ. ಅಲ್ಲಿ ಮನೋವೈದ್ಯರಿಗೆ ತೋರಿಸುವುದು ಅಂತಾದಾಗ ಅಮ್ಮ ಅಡುಗೆಮನೆಯಿಂದಲೇ ಹೇಳಿದರು, "ಮರ್ಲಿನ ಡಾಕ್ಟ್ರ ಹತ್ರವಾ? ನಾಳೆ ಮಗಳಿಗೆ ಸಂಬಂಧ ನೋಡುದು ಬೇಡ್ವಾ ನಿಂಗೆ?" ಮಗಳು ಆಗ ಪಿಯುಸಿ. ಅಮ್ಮನ ಮಾತಿಗೆ ನಾನು ಎರಡು ದಿನ ತಡ ಮಾಡಿದೆ. ಮೂರನೇ ದಿನ ಅತ್ತಿಗೆ ಮಾತಾಡದೆ ಆಟೋ ಕರೆಸಿದರು.

ಆ ಡಾಕ್ಟರು ಮುಕ್ಕಾಲು ಗಂಟೆ ಕೂರಿಸಿ ಕೇಳಿದರು. ಎಷ್ಟು ಗಂಟೆಗೆ ಎಚ್ಚರವಾಗುತ್ತದೆ, ತೂಕ ಇಳಿದಿದೆಯೇ, ಸಾಯುವ ಯೋಚನೆ ಬರುತ್ತದೆಯೇ. ಕೊನೆಯ ಪ್ರಶ್ನೆಯನ್ನು ನನ್ನಲ್ಲಿ ಯಾರೂ ಕೇಳಿರಲಿಲ್ಲ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆಗೂ ಬರೆದರು, ಅವು ಸರಿ ಇಲ್ಲದಿದ್ದರೂ ಹೀಗೆ ಆಗುವುದುಂಟಂತೆ. ಕೊನೆಗೆ, "ಇದಕ್ಕೆ ಅಡ್ಜಸ್ಟ್‌ಮೆಂಟ್ ಡಿಸಾರ್ಡರ್ ಅಂತ ಹೇಳ್ತೇವೆ" ಅಂದರು.

"ಅಡ್ಜಸ್ಟ್ ಮಾಡಿ ಮಾಡಿಯೇ ಹೀಗಾದದ್ದಲ್ವಾ ಡಾಕ್ಟ್ರೇ?" ಅಂದೆ. ಅವರೂ ನಕ್ಕರು, ನಾನೂ ನಕ್ಕೆ. ತುಂಬಾ ದಿನದ ಮೇಲೆ ನಕ್ಕದ್ದು.

ಸರ್ಟಿಫಿಕೇಟಿನ ಮಾತು ಬಂದಾಗ ಅವರು ಹೇಳಿದ್ದನ್ನು ಆ ತಂಗಿ ಸರಿಯಾಗಿ ಓದಬೇಕು. ಬರೀ ಸ್ಟ್ರೆಸ್ ಎಂಬುದು ರೋಗದ ಹೆಸರಲ್ಲ. ಕೆಲಸದ ಒತ್ತಡದಿಂದ ಬಸವಳಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಕೂಡ ತನ್ನ ರೋಗಪಟ್ಟಿಯ 11ನೇ ಆವೃತ್ತಿಯಲ್ಲಿ ಸೇರಿಸಿದೆ, ಆದರೆ ರೋಗ ಎಂದಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು. ಒತ್ತಡದಿಂದ ನಿದ್ದೆ, ಊಟ, ದಿನದ ಕೆಲಸ ಕೆಟ್ಟು ಕಾಯಿಲೆಯಾಗಿದೆಯೇ ಎಂದು ಪರೀಕ್ಷಿಸಿ ಹೇಳಬೇಕಾದವರು ಡಾಕ್ಟರು. ಆಗಿದ್ದರೆ ಸರ್ಟಿಫಿಕೇಟ್ ಖಂಡಿತ ಸಿಗುತ್ತದೆ, ಅದು ಉಪಕಾರವಲ್ಲ.

ಬರೆಯುವುದಕ್ಕೂ ಕ್ರಮ ಉಂಟು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲಿ ಅದರ ನಮೂನೆಯೇ ಇದೆ. ಮೇಲೆ ರೋಗಿಯ ಸಹಿ, ಕೆಳಗೆ ಕಾಯಿಲೆ, ಎಂದಿನಿಂದ ಎಷ್ಟು ದಿನ ವಿಶ್ರಾಂತಿ ಬೇಕು ಎಂಬುದು. ಡಾಕ್ಟರು ಅದನ್ನು ರಿಜಿಸ್ಟರಿನಲ್ಲಿ ದಾಖಲಿಸಬೇಕು, ರೋಗಿಯ ಮೈಮೇಲಿನ ಗುರುತನ್ನೂ ಬರೆದು ಒಂದು ಪ್ರತಿ ಇಟ್ಟುಕೊಳ್ಳಬೇಕು. ನನ್ನ ಎಡಗೆನ್ನೆಯ ಮಚ್ಚೆ ಆ ಪುಸ್ತಕದಲ್ಲಿ ಕೂತಿದೆ. ಸುಳ್ಳು ಸರ್ಟಿಫಿಕೇಟ್ ಕೊಟ್ಟರೆ ಅವರ ನೋಂದಣಿಗೇ ಕುತ್ತು. ಹಿಂದಿನ ಎರಡು ದಿನವನ್ನೂ ಸೇರಿಸಿ ಬರೆಯುತ್ತೀರಾ ಅಂತ ಕೇಳಿದೆ. "ಇಲ್ಲಮ್ಮ, ನಾನು ನೋಡಿದ ದಿನದಿಂದ ಮಾತ್ರ" ಅಂದರು.

ಆಮೇಲೆ ಪೆನ್ನು ಹಿಡಿದು ಕೇಳಿದರು, "ಕಚೇರಿಗೆ ಕೊಡುವ ಕಾಗದದಲ್ಲಿ ಕಾಯಿಲೆಯ ಹೆಸರು ಬರೆಯುದಾ, ಬೇಡ್ವಾ? ನಿಮ್ಮ ಒಪ್ಪಿಗೆ ಬೇಕು." ಮಾನಸಿಕ ಆರೋಗ್ಯದ ಮಾಹಿತಿ ಗುಟ್ಟಾಗಿರಬೇಕು ಎಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು. ನನಗೆ ಅಮ್ಮನ ಮಾತು ನೆನಪಾಯಿತು. ಬೇಡ ಅಂದೆ. 'ನನ್ನ ಚಿಕಿತ್ಸೆಯಲ್ಲಿದ್ದಾರೆ, 14 ದಿನ ಕೆಲಸಕ್ಕೆ ಅಸಮರ್ಥರು, ನಂತರ ಮರುಪರೀಕ್ಷೆ' ಎಂದು ಕಚೇರಿಗೆ ಒಂದು ಕಾಗದ. ಕಾಯಿಲೆಯ ಹೆಸರಿರುವ ಇನ್ನೊಂದು ನನ್ನ ಫೈಲಿಗೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಕಚೇರಿಯಲ್ಲಿ ನನ್ನ ಹಳೆಯ ಎರಡು ಚೀಟಿಗಳು ಫೈಲಿನಲ್ಲಿ ಕಾಯುತ್ತಿದ್ದವು. ಮ್ಯಾನೇಜರು ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. "ಬಂಟ್ವಾಳದಲ್ಲಿ ಜ್ವರ, ಬೆಳ್ತಂಗಡಿಯಲ್ಲಿ ಬೆನ್ನು, ಮೂಡುಬಿದಿರೆಯಲ್ಲಿ ಹೆಸರೇ ಇಲ್ಲದ್ದು. ಯಾವುದನ್ನು ನಂಬುದು ಮೇಡಂ?" ಅವರ ಮೇಲೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಮುಚ್ಚಿಡಬೇಕೆಂದಿದ್ದ ಹೆಸರನ್ನು ಕೊನೆಗೆ ನಾನೇ ಬಾಯಿಬಿಟ್ಟು ಹೇಳಬೇಕಾಯಿತು, ಅದೂ ಬಾಗಿಲು ತೆರೆದಿದ್ದ ಕೋಣೆಯಲ್ಲಿ.

ಇನ್ನು ಲೆಕ್ಕ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಕಾಯಿಲೆಗೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಉಂಟು. ಅದರಲ್ಲಿ ಎಂಟು ದಿನವನ್ನು ನಾನು ಸುಳ್ಳಿಗೆ ಖರ್ಚು ಮಾಡಿದ್ದೆ. ನಿಜಕ್ಕೆ ಉಳಿದದ್ದು ನಾಲ್ಕು. ಗಳಿಕೆ ರಜೆ ಆರು ದಿನ ಇತ್ತು, ಅದೂ ಹೋಯಿತು. ಮತ್ತೆ ನಾಲ್ಕು ದಿನದ ಸಂಬಳ ಕಡಿತ.

ಬೇರೆ ಕಡೆ ದುಡಿಯುವವರಿಗೆ ದಾರಿ ಬೇರೆ. ಇಎಸ್‌ಐ ಇರುವವರಿಗೆ ವರ್ಷದಲ್ಲಿ 91 ದಿನದವರೆಗೆ ಕಾಯಿಲೆಯ ಭತ್ಯೆ ಸಿಗುತ್ತದೆ, ಕೂಲಿಯ ಶೇಕಡಾ 70ರಷ್ಟು. ಅದಕ್ಕೆ ಸಾಮಾನ್ಯವಾಗಿ ಇಎಸ್‌ಐ ವೈದ್ಯರ ಸರ್ಟಿಫಿಕೇಟೇ ಬೇಕು, ಹೊರಗಿನ ಚೀಟಿ ನಂಬಿ ಕೂರಬೇಡಿ. ರಾಜ್ಯ ಸರಕಾರಿ ನೌಕರರಿಗೆ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಸೇರುತ್ತದೆ. ವೈದ್ಯರ ಪ್ರಮಾಣಪತ್ರ ಕೊಟ್ಟರೆ ಅದನ್ನು ಪೂರ್ಣ ಸಂಬಳದ ಪರಿವರ್ತಿತ ರಜೆ ಮಾಡಿಕೊಳ್ಳಬಹುದು, ಒಂದು ದಿನಕ್ಕೆ ಎರಡು ದಿನದ ಲೆಕ್ಕ. ಮನೆಯಲ್ಲೇ ಬೀಡಿ ಕಟ್ಟುವ ನನ್ನ ನೆರೆಕರೆಯ ಹೆಂಗಸರ ಮಟ್ಟಿಗೆ ರಜೆಯ ಚೀಟಿ ತೆಗೆದುಕೊಳ್ಳುವವರೇ ಇಲ್ಲ. ಮಲಗಿದ ದಿನ ಕಟ್ಟಿದ ಬೀಡಿ ಇಲ್ಲ, ಬೀಡಿ ಇಲ್ಲದಿದ್ದರೆ ಮಜೂರಿ ಇಲ್ಲ. ಕಂತು ಮಾತ್ರ ನಿಲ್ಲುವುದಿಲ್ಲ.

ಅವರಿಗೂ ಆ ತಂಗಿಗೂ ಹೇಳುವುದು, ಡಾಕ್ಟರನ್ನು ಕಾಣಲು ದೊಡ್ಡ ಖರ್ಚು ಬೇಕೆಂದಿಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ. ರಾತ್ರಿ ಮೂರು ಗಂಟೆಗೆ ಯಾರೂ ಇಲ್ಲ ಅನ್ನಿಸಿದರೆ ಟೆಲಿ ಮಾನಸ್ 14416 ಇದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಾನು 14 ದಿನ ಕಳೆದು ಫಿಟ್‌ನೆಸ್ ಸರ್ಟಿಫಿಕೇಟ್ ಹಿಡಿದು ಕೆಲಸಕ್ಕೆ ಹೋದೆ. ಫೋನಿನ ಕೆಲಸ ಬಿಡಿಸಿ ಕೌಂಟರಿನಲ್ಲಿ ಕೂರಿಸಿದರು. ಆರು ತಿಂಗಳು ಮಾತ್ರೆ ತೆಗೆದುಕೊಂಡೆ. ಆಮೇಲೆ ಆ ಕೆಲಸವನ್ನೇ ಬಿಟ್ಟೆ, ಅದು ಬೇರೆ ಕಥೆ. ಅಮ್ಮ ಈಗಲೂ ಅದನ್ನು ಥೈರಾಯ್ಡ್ ಅಂತಲೇ ಹೇಳುತ್ತಾರೆ, ಪರೀಕ್ಷೆಯಲ್ಲಿ ಥೈರಾಯ್ಡ್ ಸರಿ ಇತ್ತು ಅಂತ ಎಷ್ಟು ಸಲ ಹೇಳಿದರೂ. ಮಗಳು ಮಾತ್ರ ಮೊನ್ನೆ ಪರೀಕ್ಷೆಯ ಹೊತ್ತಿಗೆ ತಾನಾಗಿಯೇ ಬಂದು, "ಅಮ್ಮಾ, ಮಂಡೆಬೆಚ್ಚ ಆಗ್ತಾ ಉಂಟು, ನಿದ್ದೆ ಬರುದಿಲ್ಲ" ಅಂದಳು. ಬೊಂಡ ಕುಡಿ ಅಂತ ನಾನು ಹೇಳಲಿಲ್ಲ. ಎಷ್ಟು ಗಂಟೆಗೆ ಎಚ್ಚರ ಆಗ್ತದೆ ಅಂತ ಕೇಳಿದೆ.

ತಂಗೀ, ಬೆನ್ನು ನೋವು ಬರೆಸಬೇಡ. ನಿನ್ನ ರಜೆ ನಾಲ್ಕು ದಿನವೇ ಇರಲಿ, ಅದು ನಿನ್ನ ನಿಜವಾದ ಕಾಯಿಲೆಗೇ ಸಿಗಲಿ.