ಪಿಟೀಲಿನ ಮಟ್ಟು ಉಕುಲೆಲೆಗೆ ಬಂದರೆ ತಪ್ಪೇನು?

ನಾರ್ವೆ ದೇಶದ ಹಳ್ಳಿ ಪಿಟೀಲಿನ ಹಳೇ ಮಟ್ಟುಗಳನ್ನು ಉಕುಲೆಲೆಯಲ್ಲಿ ನುಡಿಸುವವರು ಇದ್ದಾರೆ. ಉಕುಲೆಲೆ ಅಂದರೆ ಗಿಟಾರಿನ ಮರಿಯಂತೆ ಕಾಣುವ, ನಾಲ್ಕು ತಂತಿಯ ಪುಟ್ಟ ವಾದ್ಯ. ರೀಲ್ಸ್‌ನಲ್ಲಿ ನೀವೂ ನೋಡಿರುತ್ತೀರಿ. ಪರಂಪರೆಯನ್ನು ಆಟಿಕೆ ಮಾಡಿಬಿಟ್ಟರು ಎಂದು ಮೂಗು ಮುರಿಯುವವರಿಗೂ ಕಡಿಮೆ ಇಲ್ಲ. ನನ್ನನ್ನು ಕೇಳಿದರೆ, ಧಾರಾಳವಾಗಿ ನುಡಿಸಲಿ. ಆದರೆ ಕಾರ್ಡ್ ಹಿಡಿದು ಗರಗರ ಬಾರಿಸಿ ಮುಗಿಸುವ ರೀತಿಯಲ್ಲಿ ಬೇಡ.

ಯಾಕೆ ಬೇಡ ಅನ್ನಲು ಮೂಲ ವಾದ್ಯ ಗೊತ್ತಿರಬೇಕು. ಪಶ್ಚಿಮ ನಾರ್ವೆಯ ಹಾರ್ಡಾಂಗರ್ ಸೀಮೆಯ ಹೆಸರಿನ ಪಿಟೀಲು ಅದು. ನಮಗೆ ಗೊತ್ತಿರುವ ಅತಿ ಹಳೆಯದರ ಮೇಲೆ 1651 ಎಂಬ ಇಸವಿ ಇದೆ. ಮೈತುಂಬ ಚಿತ್ತಾರ, ಮುತ್ತಿನ ಚಿಪ್ಪಿನ ಕೆತ್ತನೆ, ತುದಿಯಲ್ಲಿ ಸಿಂಹದ ತಲೆ. ಕಮಾನು ಆಡುವುದು ಮೇಲಿನ ನಾಲ್ಕು ತಂತಿಯ ಮೇಲೆ. ಅವುಗಳ ಕೆಳಗೆ ಇನ್ನೂ ನಾಲ್ಕೋ ಐದೋ ತಂತಿಗಳಿರುತ್ತವೆ. ಅವನ್ನು ಯಾರೂ ಮುಟ್ಟುವುದಿಲ್ಲ, ಮೇಲಿನದು ನುಡಿದಾಗ ತಾವೇ ಝೇಂಕರಿಸುತ್ತವೆ. ಸಿತಾರ್ ಕೇಳಿದವರಿಗೆ ಈ ಗುಟ್ಟು ಬಿಡಿಸಿ ಹೇಳಬೇಕಿಲ್ಲ.

ಈ ಪಿಟೀಲಿಗೆ ಕೆಟ್ಟ ಕಾಲವೂ ಬಂದಿತ್ತು. 19ನೇ ಶತಮಾನದ ಧಾರ್ಮಿಕ ಪುನರುತ್ಥಾನದ ಅಲೆಯಲ್ಲಿ ಇದನ್ನು ಸೈತಾನನ ವಾದ್ಯ ಎಂದರು. ಮದುವೆ, ಕುಡಿತ, ಕುಣಿತ ಎಲ್ಲದಕ್ಕೂ ಇದೇ ಬೇಕಿತ್ತಲ್ಲ! ಕೆಲವರು ತಮ್ಮ ಪಿಟೀಲನ್ನು ತಾವೇ ಸುಟ್ಟರು. ಅಂಥ ಶತಮಾನದಲ್ಲೇ ಟೆಲೆಮಾರ್ಕ್ ಸೀಮೆಯ ಟೋರ್ಗೈರ್ ಔಗುಂಡ್ಸನ್ ದೊಡ್ಡ ಹೆಸರು ಮಾಡಿದ. ಜನ ಅವನನ್ನು ಕರೆಯುತ್ತಿದ್ದದ್ದು ಮಿಲ್ಲರ್‌ಗುಟನ್, ಅಂದರೆ ಗಿರಣಿಯವನ ಹುಡುಗ ಎಂದು. 1849ರಲ್ಲಿ ಜಗತ್ಪ್ರಸಿದ್ಧ ಪಿಟೀಲುಗಾರ ಉಲೆ ಬುಲ್ ಈ ಹಳ್ಳಿಗನನ್ನು ರಾಜಧಾನಿಯ ಸಭಾಂಗಣದ ವೇದಿಕೆ ಹತ್ತಿಸಿದ.

ಗಿರಣಿಯವನ ಮಟ್ಟುಗಳನ್ನು ಉಳಿಸಿಕೊಂಡವರಲ್ಲಿ ಕ್ನುಟ್ ಡಾಲೆ ಒಬ್ಬ. ತನ್ನ ಜೊತೆ ಇವೂ ಮಣ್ಣಾಗುತ್ತವೆ ಎಂಬ ಚಿಂತೆ ಅವನಿಗೆ. ಸಂಗೀತಗಾರ ಎಡ್ವರ್ಡ್ ಗ್ರೀಗ್‌ಗೆ ಪತ್ರ ಬರೆದ. ಕೊನೆಗೆ 1901ರಲ್ಲಿ ಯೋಹಾನ್ ಹಾಲ್ವೊರ್ಸನ್ ಕೂತು ಕೇಳಿ 17 ಮಟ್ಟುಗಳನ್ನು ಬರೆದುಕೊಂಡರು. ಗ್ರೀಗ್ ಅವನ್ನು ಪಿಯಾನೋಗೆ ಅಳವಡಿಸಿದರು.

ಈಗ ಹೇಳಿ, ಪಿಯಾನೋದಲ್ಲಿ ಕಮಾನು ಇದೆಯೇ? ಎರಡು ಸ್ವರಗಳ ನಡುವಿನ ಜಾಗ ಇದೆಯೇ? ಎರಡೂ ಇಲ್ಲ. ಆದರೂ ಗ್ರೀಗ್ ಮಾಡಿದ್ದು ಮಹಾಕೃತಿ, ಉಕುಲೆಲೆಯಲ್ಲಿ ಮಾಡಿದರೆ ತಮಾಷೆ. ಇದು ಸಂಗೀತದ ತಕರಾರಲ್ಲ, ವಾದ್ಯದ ಬೆಲೆ ನೋಡಿ ಮಣೆ ಹಾಕುವ ಬುದ್ಧಿ.

ಉಕುಲೆಲೆ ಆಟಿಕೆಯಾಗಿ ಹುಟ್ಟಿದ್ದೂ ಅಲ್ಲ. 1879ರಲ್ಲಿ ಪೋರ್ಚುಗಲ್‌ನ ಮಡೈರಾ ದ್ವೀಪದಿಂದ ಕಬ್ಬಿನ ತೋಟಕ್ಕೆ ಕೂಲಿಗೆ ಹೊರಟವರ ಹಡಗು ಹವಾಯಿ ಮುಟ್ಟಿತು. ಅದರಲ್ಲಿದ್ದ ಮೂವರು ಮರಗೆಲಸದವರು ತಮ್ಮೂರಿನ ಸಣ್ಣ ತಂತಿವಾದ್ಯವನ್ನು ಅಲ್ಲೇ ಮಾಡತೊಡಗಿದರು. ಅದೇ ಉಕುಲೆಲೆಯಾಯಿತು. ಇನ್ನೊಂದು ಮಾತು. 1881ರಲ್ಲಿ ಅದೇ ಹವಾಯಿಯ ಕಬ್ಬಿನ ತೋಟಗಳಿಗೆ ನಾರ್ವೆಯಿಂದಲೂ ಎರಡು ಹಡಗು ತುಂಬ ಕೂಲಿಗಳು ಹೋಗಿದ್ದರು!

ಇಷ್ಟೆಲ್ಲ ವಕಾಲತ್ತು ಮಾಡಿದ ಮೇಲೆ ನನ್ನ ತಕರಾರು. ಈ ಮಟ್ಟುಗಳು ಕಾರ್ಡ್‌ಗಳ ಮೇಲೆ ನಿಂತಿಲ್ಲ. ಸಣ್ಣ ಸಣ್ಣ ಎಳೆಗಳನ್ನು ಮತ್ತೆ ಮತ್ತೆ ತಿರುಗಿಸಿ, ಪ್ರತಿ ಸಲ ತುಸು ಬದಲಿಸುತ್ತಾ, ಕೆಳಗೊಂದು ಶ್ರುತಿ ಹಿಡಿದು ಸಾಗುತ್ತವೆ. ಮೂರು ಕಾರ್ಡ್ ಬಾರಿಸಿದರೆ ಆ ಎಳೆಯೇ ಮುಚ್ಚಿಹೋಗುತ್ತದೆ. ತಾಳದ್ದು ಇನ್ನೂ ದೊಡ್ಡ ಸಮಸ್ಯೆ. ಸ್ಪ್ರಿಂಗಾರ್ ಎಂಬ ಕುಣಿತಕ್ಕೆ ಮೂರು ಪೆಟ್ಟು, ಮೂರೂ ಸಮ ಅಲ್ಲ. ಟೆಲೆಮಾರ್ಕ್‌ನಲ್ಲಿ ಮೊದಲನೆಯದು ಉದ್ದ, ಕೊನೆಯದು ಗಿಡ್ಡ. ವಾಲ್ಡ್ರೆಸ್ ಕಣಿವೆಗೆ ಹೋದರೆ ಮೊದಲನೆಯದೇ ಗಿಡ್ಡ. ಊರು ಬದಲಾದರೆ ಹೆಜ್ಜೆ ಬದಲು. ಮೊಬೈಲಿನ ತಾಳದ ಆ್ಯಪ್ ಹಾಕಿ ಮೂರನ್ನೂ ಸಮ ಮಾಡಿದಿರೋ, ಉಳಿಯುವುದು ಎಲ್ಲಿಯದೂ ಅಲ್ಲದ ಒಂದು ಮಟ್ಟು. ಸ್ವರ ತುಸು ಹೆಚ್ಚುಕಮ್ಮಿ ಆದರೆ ನಾನು ಸುಮ್ಮನಿರುತ್ತೇನೆ. ಹೆಜ್ಜೆ ಹೋದರೆ ಸುಮ್ಮನಿರಲಾರೆ.

ದಾರಿ ಇಲ್ಲದಿಲ್ಲ. ನಾರ್ವೆಯಲ್ಲೇ ಲಾಂಗೆಲೈಕ್ ಎಂಬ ಉದ್ದನೆಯ ಮೀಟುವ ವಾದ್ಯ ಇದೆ. ಅದರಲ್ಲಿ ಮಟ್ಟು ನುಡಿಸಲು ಒಂದೇ ತಂತಿ, ಉಳಿದವೆಲ್ಲ ಶ್ರುತಿಗೆ. ಉಕುಲೆಲೆ ಅನುಸರಿಸಬೇಕಾದ್ದು ಪಿಟೀಲನ್ನಲ್ಲ, ಇದನ್ನು. ಉಕುಲೆಲೆಯ ನಾಲ್ಕನೇ ತಂತಿ ಸಾಮಾನ್ಯವಾಗಿ ಏರು ಶ್ರುತಿಯಲ್ಲೇ ಇರುತ್ತದೆ. ಹೆಬ್ಬೆರಳಲ್ಲಿ ಅದನ್ನು ಬಿಟ್ಟು ಬಿಟ್ಟು ಮೀಟುತ್ತಾ, ಕೆಳಗಿನ ಎರಡು ತಂತಿಯಲ್ಲಿ ಮಟ್ಟು ಹಿಡಿದರೆ ಆ ಝೇಂಕಾರದ ನೆರಳಾದರೂ ಸಿಗುತ್ತದೆ. ಮೊದಲು ಸರಳ ಎರಡೆಣಿಕೆಯ ಕುಣಿತದ ಮಟ್ಟು ಕಲಿಯಲಿ. ಸ್ಪ್ರಿಂಗಾರ್‌ಗೆ ಕೈ ಹಾಕುವ ಮುನ್ನ ಕುಣಿಯುವವರ ಕಾಲು ಕಾಣುವ ವಿಡಿಯೋ ನಾಲ್ಕು ಸಲ ನೋಡಲಿ.

ಅಲ್ಲಿನ ಪಿಟೀಲುಗಾರರಲ್ಲಿ ಒಂದು ರೂಢಿ ಇದೆ. ಮಟ್ಟು ನುಡಿಸುವಾಗ ಇದು ಇಂಥವರಿಂದ ಬಂದದ್ದು ಎಂದು ಹೆಸರು ಹೇಳುತ್ತಾರೆ. ಗ್ರೀಗ್‌ರ ಪಿಯಾನೋ ಪುಸ್ತಕ 1903ರಲ್ಲಿ ಬಂದಾಗ ಹಾಲ್ವೊರ್ಸನ್ ಬರೆದುಕೊಂಡ ಪಿಟೀಲಿನ ಪಾಠವೂ ಜೊತೆಗೇ ಅಚ್ಚಾಯಿತು. ಉಕುಲೆಲೆ ವಿಡಿಯೋ ಹಾಕುವವರು ಕೆಳಗೆ ಒಂದು ಸಾಲು ಬರೆಯಲಿ: ಯಾವ ಊರಿನ ಮಟ್ಟು, ಯಾರಿಂದ ಬಂದದ್ದು. ಮೂಲ ಪಿಟೀಲಿನ ಲಿಂಕ್ ಕೂಡ ಇರಲಿ.