ಮೇಲೆ ಗೀರೂ ಇಲ್ಲ



ಸಂಜೆ ಬೆಸೆಂಟ್ ನಗರದಲ್ಲಿ ಷಟಲ್ ಆಡುವ ನಿಮ್ಮಲ್ಲಿ ಅನೇಕರ ಕೈಯಲ್ಲಿರುವುದು ಕಾರ್ಬನ್ ನಾರಿನ ಹಗುರ ರ‍್ಯಾಕೆಟ್. ಜೊತೆಗಾರನ ರ‍್ಯಾಕೆಟ್ಟಿಗೆ ಅದು ಜೋರಾಗಿ ತಗುಲಿದರೂ ಆ ದಿನ ಏನೂ ಆಗದಿರಬಹುದು. ವಾರ ಕಳೆದ ಮೇಲೆ ಸಾಧಾರಣ ಹೊಡೆತಕ್ಕೇ ಲಟಕ್ಕನೆ ಮುರಿದೀತು. ಅಂಗಡಿಯವನನ್ನು ಬೈಯುವ ಮುನ್ನ ಕಾರಣ ಕೇಳಿ.

ಸ್ಟೀಲ್ ಪಾತ್ರೆ ಕೈಜಾರಿದರೆ ನೆಗ್ಗುತ್ತದೆ. ಪೆಟ್ಟು ನುಂಗಿಕೊಂಡು ಗುರುತು ತೋರಿಸುತ್ತದೆ. ಕಾರ್ಬನ್ ನಾರಿಗೆ ಆ ಗುಣವಿಲ್ಲ, ತುಸುವೇ ಹಿಗ್ಗಿ ಕಡಿದುಹೋಗುತ್ತದೆ. ಅದರ ತೆಳು ಹಾಳೆಗಳನ್ನು ಚಿರೋಟಿಯ ಪದರಗಳಂತೆ ಒಂದರ ಮೇಲೊಂದಿಟ್ಟು ರಾಳದಿಂದ ಬೆಸೆದಿರುತ್ತಾರೆ. ನಾರಿನ ಉದ್ದಕ್ಕೆ ಎಳೆದರೆ ಬಲು ಗಟ್ಟಿ; ಪದರಗಳ ನಡುವೆ ಮಾತ್ರ ಬರೀ ಅಂಟು. ಥಟ್ಟನೆ ಅಡ್ಡಪೆಟ್ಟು ಬಿದ್ದಾಗ ರಾಳ ಬಿರಿದು ಪದರಗಳು ಒಳಗೊಳಗೇ ಬಿಟ್ಟುಕೊಳ್ಳುತ್ತವೆ. ಮೇಲೆ ಗೀರೂ ಕಾಣದಿರಬಹುದು. ಆಮೇಲೆ ಅದುಮುವ ಭಾರ ಬಂದಾಗ, ಬಿಡಿಯಾದ ಪದರಗಳು ಸುಲಭವಾಗಿ ಬಾಗಿ ಸೋಲುತ್ತವೆ.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ, ಮುಂದೆ ತೇಜಸ್ ಎಂದು ಹೆಸರಾದ ನಮ್ಮ ವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇಕಡಾ 45 ಇಂಥ ಪದರವಸ್ತುವೇ. ಇಂಥ ರೆಕ್ಕೆಯ ಮೇಲೆ ಒಂದು ಸ್ಪ್ಯಾನರ್ ಬಿದ್ದರೂ ಕಣ್ಣನ್ನಷ್ಟೇ ನಂಬುವಂತಿಲ್ಲ. ಆಸ್ಪತ್ರೆಯಲ್ಲಿ ಮಾಡುವಂತೆ ಅಲ್ಟ್ರಾಸೌಂಡ್ ಪರೀಕ್ಷೆ ಮಾಡುತ್ತಾರೆ. ತೆಳುಭಾಗವನ್ನು ನಾಣ್ಯದಿಂದ ತಟ್ಟಿ ಕೇಳುವುದೂ ಉಂಟು. ಅಜ್ಜಿ ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುತ್ತಿದ್ದ ವಿದ್ಯೆಯೇ ಅದು: ಕಣಕಣ ಎಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಒಳಗೆ ಬಿರುಕು.

2003ರ ಜನವರಿ 16ರಂದು ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ಮೇಲೇರಿ ಸುಮಾರು 82 ಸೆಕೆಂಡಿಗೆ, ಮುಕ್ಕಾಲು ಕಿಲೋ ತೂಕದ ಹಗುರ ನೊರೆಯ ತುಂಡೊಂದು ಎಡರೆಕ್ಕೆಯ ಅಂಚಿಗೆ ಬಡಿಯಿತು. ಆ ಅಂಚು ಕಾರ್ಬನ್ ನಾರನ್ನು ಕಾರ್ಬನ್ನಿನಲ್ಲೇ ಹುದುಗಿಸಿದ್ದು. ನೊರೆ ಮೃದು, ಆದರೆ ವೇಗ ಗಂಟೆಗೆ 800 ಕಿಲೋಮೀಟರಿನಷ್ಟು. ರೆಕ್ಕೆಯ ಚಿತ್ರ ತೆಗೆಸಿ ನೋಡೋಣವೆಂದು ಎಂಜಿನಿಯರುಗಳು ಕೇಳಿಕೊಂಡರೂ ಮೇಲಿನವರು ಒಪ್ಪಲಿಲ್ಲ. ಫೆಬ್ರವರಿ 1ರಂದು ಮರಳುವಾಗ ಆ ಒಡಕಿನಿಂದ ಬಿಸಿಗಾಳಿ ನುಗ್ಗಿ ಏಳು ಜನರೂ ಹೋದರು.

ಪೆಟ್ಟು ಎಲ್ಲಿ ಬಿತ್ತೆಂದು ಹೇಳುವವರಿದ್ದರೆ ತಾನೇ ಅಲ್ಲಿ ಪರೀಕ್ಷೆ? ನಾಳೆ ನಿಮ್ಮಲ್ಲಿ ಕೆಲವರು ಎಂಜಿನಿಯರಾಗುತ್ತೀರಿ, ಮೇಲಧಿಕಾರಿಯೂ ಆಗುತ್ತೀರಿ. "ಸಾರ್, ಕೈತಪ್ಪಿ ಬೀಳಿಸಿದೆ" ಎಂದು ಹುಡುಗನೊಬ್ಬ ಬಂದರೆ ಗದರಬೇಡಿ. ಗದರಿಸಿಕೊಂಡವನು ಮುಂದಿನ ಸಲ ಸುಮ್ಮನಿರುತ್ತಾನೆ. ಆ ರೆಕ್ಕೆಯಂತೂ ತಾನಾಗಿ ಬಾಯಿಬಿಡುವುದಿಲ್ಲ.